ಕಾಫಿ ತೂಕದ ಹೊತ್ತಿನ ಫ್ರೆಂಚು

ಎಂಟನೇ ಕ್ಲಾಸಿಗೆ ಸೇರುವ ದಿನ ಸ್ಕೂಲಿನ ಆಫೀಸಿನಲ್ಲಿ ಒಂದು ಫಾರಂ ಕೊಟ್ಟು, ಹಿಂದಿ ಬೇಕೋ ಫ್ರೆಂಚ್ ಬೇಕೋ ಗುರುತು ಹಾಕಿ ಅಂದರು. ಅಪ್ಪ ನನ್ನ ಮುಖ ನೋಡಿದರು, ನಾನು ಅಪ್ಪನ ಮುಖ ನೋಡಿದೆ. ಕೊಡಗಿನ ಸುಂಟಿಕೊಪ್ಪದ ಹತ್ತಿರ ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ಹಿಂದಿಯಲ್ಲಿ ಯಾವುದು ಗಂಡು ಯಾವುದು ಹೆಣ್ಣು ಅಂತ ತಿಳಿಯದೆ ಬೈಸಿಕೊಂಡದ್ದು ಚೆನ್ನಾಗಿ ನೆನಪಿತ್ತು. ಆ ಕಾಟ ತಪ್ಪಿದರೆ ಸಾಕು ಅಂತ ಫ್ರೆಂಚಿಗೆ ಟಿಕ್ ಹಾಕಿದೆ. ಫ್ರೆಂಚಲ್ಲೂ ಮೇಜು ಹೆಣ್ಣು, ಪುಸ್ತಕ ಗಂಡು ಅಂತ ಗೊತ್ತಾಗುವ ಹೊತ್ತಿಗೆ ಫಾರಂ ಬೀರು ಸೇರಿತ್ತು.

ಇದು 2005ರ ಮಾತು. ಅಪ್ಪ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ತೋಟದ ಕೊನೆಯಲ್ಲಿದ್ದ ನಮ್ಮ ಮನೆಗೆ ಶೀಟಿನ ಮಾಡು. ಮನೆಯೊಳಗೆ ಕನ್ನಡ, ಧಣಿಗಳ ಮನೆಯಲ್ಲಿ ಕೊಡವ ತಕ್ಕ್, ಕೆಲಸದವರ ಲೈನ್ ಮನೆಗಳಲ್ಲಿ ತಮಿಳು, ಮಲಯಾಳ, ಕಾಡಂಚಿನ ಹಾಡಿಯಿಂದ ಕೆಲಸಕ್ಕೆ ಬರುವವರದ್ದು ಯರವ ಮಾತು. ಯಾರ ಹತ್ತಿರ ಯಾವ ಮಾತು ಅಂತ ನಮಗೆ ಯಾರೂ ಕಲಿಸಿಕೊಟ್ಟಿರಲಿಲ್ಲ. ತಪ್ಪಾದರೆ ನಗುತ್ತಿದ್ದರು, ನಾವೂ ನಗುತ್ತಿದ್ದೆವು, ಅಷ್ಟೆ.

ಮಡಿಕೇರಿಯ ಹೊಸ ಸ್ಕೂಲಿನಲ್ಲಿ ಈ ನಗು ಇರಲಿಲ್ಲ. ಕನ್ನಡದಲ್ಲಿ ಮಾತಾಡಿ ಸಿಕ್ಕಿಬಿದ್ದರೆ ಎರಡು ರೂಪಾಯಿ ಫೈನ್. ದುಡ್ಡು ಉಳಿಸುವುದಕ್ಕೆ ನಾನು ಬಾಯಿಯನ್ನೇ ಮುಚ್ಚಿದೆ. ಮೊದಲ ಮೂರು ತಿಂಗಳಲ್ಲಿ ನನ್ನ ಇಂಗ್ಲಿಷು ‘ಯೆಸ್ ಮಿಸ್’, ‘ನೋ ಮಿಸ್’ ದಾಟಲಿಲ್ಲ. ಮೇಲಿಂದ ಫ್ರೆಂಚ್ ಪುಸ್ತಕದ ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ಬಾರದ ಒಂದು ಭಾಷೆಯನ್ನು ಬಾರದ ಇನ್ನೊಂದು ಭಾಷೆಯ ಮೂಲಕ ಕಲಿಯಬೇಕಿತ್ತು. ಕತ್ತಲೆಯಲ್ಲಿ ಟಾರ್ಚ್ ಹುಡುಕುವುದಕ್ಕೆ ಇನ್ನೊಂದು ಟಾರ್ಚ್ ಬೇಕಾದ ಹಾಗೆ.

ಫ್ರೆಂಚ್ ಮಿಸ್ ಪುದುಚೇರಿಯವರು. ಮೊದಲ ಟೆಸ್ಟಿನಲ್ಲಿ ನಿಮ್ಮ ವಯಸ್ಸು ಬರೆಯಿರಿ ಅಂತ ಇತ್ತು. ‘ಐ ಆಮ್ ಥರ್ಟೀನ್’ ಅನ್ನುವುದನ್ನು ಮನಸ್ಸಲ್ಲಿಟ್ಟುಕೊಂಡು ‘ಜ ಸ್ವೀ ತ್ರೇಝ್ ಆಂ’ ಅಂತ ಬರೆದೆ. ಇಡೀ ಕ್ಲಾಸೇ ಹಾಗೆ ಬರೆದಿತ್ತು. ಮಿಸ್ ನನ್ನನ್ನು ಎಬ್ಬಿಸಿ, ನಿನ್ನ ಭಾಷೆಯಲ್ಲಿ ವಯಸ್ಸು ಹೇಗೆ ಹೇಳ್ತೀಯ ಅಂತ ಕೇಳಿದರು. ಫೈನ್ ಹೆದರಿಕೆಗೆ ನಾನು ಬಾಯಿ ಬಿಡಲಿಲ್ಲ. ‘ನನ್ನ ಕ್ಲಾಸಲ್ಲಿ ಫೈನ್ ಇಲ್ಲ, ಹೇಳು’ ಅಂದರು. ‘ನನಗೆ ಹದಿಮೂರು ವರ್ಷ’ ಅಂದೆ. ‘ನೋಡು, ನಾನು ಹದಿಮೂರು ಅಂತ ಹೇಳಲಿಲ್ಲ ನೀನು. ನಿನ್ನ ಹತ್ತಿರ ವರ್ಷಗಳಿವೆ. ಫ್ರೆಂಚಲ್ಲೂ ಹಾಗೇ, ಜೇ ತ್ರೇಝ್ ಆಂ.’

ಆ ರಾತ್ರಿ ಒಂದು ಲಾಂಗ್ ನೋಟ್‌ಬುಕ್ಕಿಗೆ ಗೀಟು ಹಾಕಿ ಮೂರು ಕಾಲಂ ಮಾಡಿದೆ. ಮೊದಲು ಕನ್ನಡ, ನಡುವೆ ಫ್ರೆಂಚು, ಕೊನೆಗೆ ಇಂಗ್ಲಿಷು. ‘ನನಗೆ ಹಸಿವಾಗಿದೆ’, ‘ಜೇ ಫ್ಯಾಂ’, ‘ಐ ಆಮ್ ಹಂಗ್ರಿ’. ಇಂಗ್ಲಿಷಿನವನು ತಾನೇ ಹಸಿದವನಾಗುತ್ತಾನೆ, ಫ್ರೆಂಚಿನವನ ಹತ್ತಿರ ಹಸಿವು ಇರುತ್ತದೆ, ನಮ್ಮಲ್ಲಿ ಹಸಿವೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಫ್ರೆಂಚಿನ ಜೊತೆಗೆ ಇಂಗ್ಲಿಷಿನ ತಪ್ಪುಗಳೂ ಕಡಿಮೆಯಾದವು. ನಾನು ಕಲಿತದ್ದೆಲ್ಲ ಆ ನೋಟ್‌ಬುಕ್ಕಿನಿಂದಲೇ ಅಂದರೂ ತಪ್ಪಿಲ್ಲ.

ನನ್ನ ದೊಡ್ಡ ತಲೆನೋವು ‘ಎ’ ಮತ್ತು ‘ದಿ’. ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ತಿಳಿಯದೆ ಎಲ್ಲ ಕಡೆ ‘ದಿ’ ಉದುರಿಸುತ್ತಿದ್ದೆ. ಫ್ರೆಂಚಲ್ಲಿ ಇದರ ಮೇಲೆ ‘ದ್ಯು’, ‘ದ ಲಾ’ ಬೇರೆ. ಪರಿಹಾರ ಸಿಕ್ಕಿದ್ದು ಮೊದಲ ಕಾಲಂನಲ್ಲೇ. ‘ಕಾಫಿ ಕುಡಿದೆ’ ಅಂದರೆ ಯಾವುದೋ ಒಂದಷ್ಟು ಕಾಫಿ. ‘ಕಾಫಿಯನ್ನು ಕುಡಿದೆ’ ಅಂದರೆ ನೀವು ಮಾಡಿಟ್ಟಿದ್ದಿರಲ್ಲ, ಅದನ್ನು. ಫ್ರೆಂಚಲ್ಲಿ ಮೊದಲನೆಯದು ‘ದ್ಯು ಕಾಫೆ’, ಎರಡನೆಯದು ‘ಲ ಕಾಫೆ’. ಇಂಗ್ಲಿಷಲ್ಲಿ ಮೊದಲನೆಯದಕ್ಕೆ ಏನೂ ಬೇಡ, ಎರಡನೆಯದಕ್ಕೆ ‘ದಿ’. ಎಲ್ಲ ಕಡೆಯೂ ಈ ಲೆಕ್ಕ ಕೂಡಿಬರುವುದಿಲ್ಲ, ಆದರೆ ಹತ್ತಕ್ಕೆ ಏಳು ಸಲ ನನ್ನ ಕೈಬಿಡಲಿಲ್ಲ. ದ್ವಿತೀಯಾ ವಿಭಕ್ತಿ ಮುಂದೊಂದು ದಿನ ಫ್ರೆಂಚ್ ಕಲಿಯುವಾಗ ಕೆಲಸಕ್ಕೆ ಬರುತ್ತದೆ ಅಂತ ಕನ್ನಡ ಮೇಷ್ಟ್ರು ಹೇಳಿದ್ದರೆ ಇನ್ನೂ ಸ್ವಲ್ಪ ಶ್ರದ್ಧೆಯಿಂದ ಕೇಳುತ್ತಿದ್ದೆನೇನೋ.

ಸಂಧಿಯೂ ಹಾಗೆ. ‘ಊರು’, ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಒಂದು ಉಕಾರ ಬಿದ್ದುಹೋಗುತ್ತದೆ. ಫ್ರೆಂಚಲ್ಲಿ ‘ಲ’, ‘ಆಮಿ’ (ಗೆಳೆಯ) ಸೇರಿ ‘ಲಾಮಿ’ ಆಗುವುದೂ ಅದೇ ಲೋಪ ಸಂಧಿ. ‘ಮನೆ’, ‘ಅಲ್ಲಿ’ ಸೇರುವಾಗ ನಡುವೆ ಒಂದು ಯಕಾರ ಬಂದು ಕೂರುತ್ತದೆ. ಫ್ರೆಂಚಿನ ‘ಇಲ್ ಆ’, ಅಂದರೆ ‘ಅವನ ಹತ್ತಿರ ಇದೆ’, ಅನ್ನುವುದನ್ನು ಪ್ರಶ್ನೆಗೆ ತಿರುಗಿಸಿದರೆ ಎರಡು ಸ್ವರ ಡಿಕ್ಕಿ ಹೊಡೆಯಬಾರದು ಅಂತ ನಡುವೆ ಒಂದು ತಕಾರ ಬಂದು ‘ಆತಿಲ್’ ಆಗುತ್ತದೆ. ನಾನು ಮಾರ್ಜಿನ್ನಿನಲ್ಲಿ ‘ತಕಾರಾಗಮ ಸಂಧಿ’ ಅಂತ ಬರೆದಿಟ್ಟಿದ್ದೆ. ಮಿಸ್‌ಗೆ ಓದಿ ಹೇಳಿದಾಗ ಜೋರಾಗಿ ನಕ್ಕು, ತಪ್ಪೇನಿಲ್ಲ ಅಂದರು.

ಉಚ್ಚಾರಣೆಯಲ್ಲಿ ಕನ್ನಡದವರಿಗೆ ಒಂದು ಲಾಭ ಇದೆ. ಇಂಗ್ಲಿಷಿನ ‘ಟೇಬಲ್’ ಫ್ರೆಂಚಲ್ಲಿ ‘ತಾಬ್ಲ್’. ಅವರ ತ, ದ ಹೆಚ್ಚುಕಡಿಮೆ ನಮ್ಮ ತ, ದ. ನಾಲಿಗೆ ಹಲ್ಲಿಗೆ ತಾಗಬೇಕು. ಒಂದೊಂದು ಅಕ್ಷರಕ್ಕೂ ಸುಮಾರು ಒಂದೇ ತೂಕ, ಇಂಗ್ಲಿಷಿನ ಹಾಗೆ ಒಂದನ್ನು ಒತ್ತಿ ಉಳಿದದ್ದನ್ನು ನುಂಗುವುದಿಲ್ಲ. ಕಷ್ಟಪಟ್ಟದ್ದು ‘ತ್ಯು’ ಮತ್ತು ‘ತು’ ಬೇರೆ ಮಾಡುವುದಕ್ಕೆ. ಮೊದಲನೆಯದು ‘ನೀನು’, ಎರಡನೆಯದು ‘ಎಲ್ಲ’. ‘ತ್ಯು’ ಅಂತ ಬರೆದಿದ್ದೇನೆ, ಆದರೆ ಅಲ್ಲಿ ಯಕಾರ ಇಲ್ಲವೇ ಇಲ್ಲ. ‘ಈ’ ಅನ್ನುತ್ತಾ ಶಿಳ್ಳೆ ಹೊಡೆಯುವ ಹಾಗೆ ತುಟಿ ಮುಂದೆ ಮಾಡು, ನಾಲಿಗೆ ಅಲ್ಲಾಡಿಸಬೇಡ ಅಂತ ಮಿಸ್ ಹೇಳಿಕೊಟ್ಟರು. ಬಚ್ಚಲಿನ ಕನ್ನಡಿ ಮುಂದೆ ಒಂದು ವಾರ ನಿಂತೆ. ಅಮ್ಮ ಹಲ್ಲುನೋವಾ ಅಂತ ಕೇಳಿದರು.

‘ತ್ಯು’ ಮತ್ತು ‘ವು’, ಅಂದರೆ ನೀನು ಮತ್ತು ನೀವು, ನಮಗೆ ಹೊಸದಲ್ಲ. ಆದರೂ ಅಲ್ಲೇ ಒಂದು ಸಲ ಎಡವಿದೆ. ಅಪ್ಪನಿಗೆ ಕಾಗದ ಬರೆಯುವ ಅಭ್ಯಾಸದಲ್ಲಿ ಉದ್ದಕ್ಕೂ ‘ವು’ ಹಾಕಿದ್ದೆ. ಮಿಸ್ ಎಲ್ಲವನ್ನೂ ಹೊಡೆದುಹಾಕಿ ‘ತ್ಯು’ ಮಾಡಿದ್ದರು. ಅಲ್ಲಿ ಮಕ್ಕಳು ಅಪ್ಪನಿಗೂ ಹಾಗೇ ಹೇಳುವುದಂತೆ. ನಾನು ಅಮ್ಮನಿಗೆ ನೀನು ಅನ್ನುತ್ತಿದ್ದೆ, ಅಪ್ಪನಿಗೆ ಕನಸಲ್ಲೂ ಅಂದವಳಲ್ಲ. ತಿದ್ದಿದ ಕಾಗದವನ್ನು ಪ್ರತಿ ಮಾಡುವಾಗ ಕೈ ನಡುಗಿದ್ದು ನಿಜ. ಅಪ್ಪನಿಗೆ ಫ್ರೆಂಚ್ ಬರುವುದಿಲ್ಲವಲ್ಲ ಅನ್ನುವುದೇ ಧೈರ್ಯ.

ಲಿಂಗದ ಕಾಟಕ್ಕೆ ಮಾಡಿದ ಉಪಾಯ ಇಷ್ಟೆ: ಹೆಣ್ಣಿಗೆ ಕೆಂಪು ಇಂಕು, ಗಂಡಿಗೆ ನೀಲಿ. ಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಲಿಲ್ಲ. ಕೊಡವರ ಹೆಸರಿನ ಮುಂದೆ ಮನೆ ಹೆಸರು ಬರುವ ಹಾಗೆ ಗಂಡಿಗೆ ‘ಲ’, ಹೆಣ್ಣಿಗೆ ‘ಲಾ’ ಸೇರಿಸಿಯೇ ಹೇಳುತ್ತಿದ್ದೆ. ಸೂರ್ಯ ಗಂಡು, ಸರಿ. ಚಂದಮಾಮ ಫ್ರೆಂಚಿಗೆ ಹೋದರೆ ಹೆಂಗಸು, ‘ಲಾ ಲ್ಯೂನ್’. ಅದಕ್ಕೆ ಇವತ್ತಿಗೂ ನನ್ನ ಮನಸ್ಸು ಒಪ್ಪಿಲ್ಲ.

ಅಂಕಿಗಳನ್ನು ಕಲಿತದ್ದು ತೂಕದ ಹೊತ್ತಿನಲ್ಲಿ. ಜನವರಿ ಫೆಬ್ರವರಿಯಲ್ಲಿ ರೋಬಸ್ಟಾ ಕಾಫಿಯ ಕುಯ್ಲು. ಸಂಜೆ ಎಲ್ಲರೂ ಹಣ್ಣಿನ ಚೀಲ ಹೊತ್ತು ಶೆಡ್ಡಿನ ಮುಂದೆ ಸಾಲು ನಿಲ್ಲುತ್ತಾರೆ. ಮೇಸ್ತ್ರಿ ಚೀಲವನ್ನು ತಕ್ಕಡಿಗೆ ಸಿಕ್ಕಿಸಿ ಕಿಲೋ ಕೂಗುತ್ತಾರೆ, ಅಪ್ಪ ಚೆಕ್‌ರೋಲ್ ಪುಸ್ತಕದಲ್ಲಿ ಹೆಸರಿನ ಮುಂದೆ ಬರೆದುಕೊಳ್ಳುತ್ತಾರೆ. ಟಾರ್ಚ್ ಹಿಡಿಯುವುದು ನನ್ನ ಕೆಲಸ. ‘ಎಪ್ಪತ್ತಾರು’ ಅಂತ ಕೂಗು ಬಂದ ಕೂಡಲೆ ನಾನು ಮೆಲ್ಲಗೆ ಅದನ್ನು ಫ್ರೆಂಚಿಗೆ ತಿರುಗಿಸಬೇಕು. ಫ್ರಾನ್ಸಿನವರಲ್ಲಿ ಎಪ್ಪತ್ತಕ್ಕೆ ಬೇರೆ ಪದ ಇಲ್ಲ, ಎಪ್ಪತ್ತಾರು ಅಂದರೆ ‘ಸ್ವಾಸಾಂತ್ ಸೇಝ್’, ಅರವತ್ತು ಹದಿನಾರು. ತೊಂಬತ್ತೆಂಟು ಬಂದರೆ ಮುಗಿಯಿತು: ನಾಲ್ಕು ಇಪ್ಪತ್ತು, ಹತ್ತು, ಎಂಟು, ‘ಕಾತ್ರ ವ್ಯಾಂ ದಿಝ್ ವಿತ್’. ನಾನು ಲೆಕ್ಕ ಕೂಡಿಸುವಷ್ಟರಲ್ಲಿ ಎರಡು ಚೀಲ ಮುಂದೆ ಹೋಗಿರುತ್ತಿತ್ತು. ಸಾಲಿನಲ್ಲಿದ್ದ ಅಕ್ಕ ಒಬ್ಬರು ‘ಎಂಥ ಮಂತ್ರ ಪಾಪಾ ಅದು’ ಅಂತ ಕೇಳಿದ್ದರು. ಆ ಸೀಸನ್ ಮುಗಿಯುವ ಹೊತ್ತಿಗೆ ಚೀಲ ತಕ್ಕಡಿಯಿಂದ ಇಳಿಯುವ ಮೊದಲೇ ಅಂಕಿ ಬಾಯಿಗೆ ಬರುತ್ತಿತ್ತು. ಬೆಲ್ಜಿಯಂನಲ್ಲಿ ಫ್ರೆಂಚ್ ಮಾತಾಡುವವರು ಎಪ್ಪತ್ತಕ್ಕೆ ‘ಸೆಪ್ತಾಂತ್’, ತೊಂಬತ್ತಕ್ಕೆ ‘ನೊನಾಂತ್’ ಅಂತ ನೇರವಾಗಿ ಹೇಳುತ್ತಾರಂತೆ. ಅದನ್ನು ಕೇಳಿದ ದಿನದಿಂದ ನನಗೆ ಆ ದೇಶದ ಮೇಲೆ ಗೌರವ.

ಇಂಗ್ಲಿಷಿಗೆ ಬಾಯಿ ಬಿಡಿಸಿದವರು ಪಕ್ಕದ ತೋಟದ ರಿಟೈರ್ಡ್ ಕರ್ನಲ್ ಅಂಕಲ್. ದಿನಾ ಸಂಜೆ ಪೇಪರಿನ ಒಂದು ಕಾಲಂ ಗಟ್ಟಿಯಾಗಿ ಓದಿಸುತ್ತಿದ್ದರು, ತಪ್ಪು ಓದಿದರೆ ನಡುವೆ ತಡೆಯುತ್ತಿರಲಿಲ್ಲ, ಮುಗಿದ ಮೇಲೆ ಮೂರೇ ತಪ್ಪು ಹೇಳುತ್ತಿದ್ದರು. ಒಂದು ದಿನ ಅವರ ಗೇಟಿನ ಬೋರ್ಡು ನೋಡಿ, ಇದರಲ್ಲಿ ಎರಡು ಲಕಾರ ಇದೆ, ಒಂದೂ ರಕಾರ ಇಲ್ಲ, ಮತ್ತೆ ಹೇಗೆ ಕರ್ನಲ್ ಅಂತ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ, ಮೂವತ್ತು ವರ್ಷ ಸೇನೆಯಲ್ಲಿ ಯಾರೂ ಕೇಳಿರಲಿಲ್ಲವಂತೆ. ಉತ್ತರ ಮಿಸ್ ಹತ್ತಿರ ಸಿಕ್ಕಿತು. ಫ್ರೆಂಚಲ್ಲಿ ಬರೆದ ಹಾಗೇ ‘ಕೊಲೊನೆಲ್’. ಇಂಗ್ಲಿಷಿನವರು ಕಾಗುಣಿತ ಒಂದು ಕಡೆಯದ್ದು, ಉಚ್ಚಾರಣೆ ಇನ್ನೊಂದು ಕಡೆಯದ್ದು ಇಟ್ಟುಕೊಂಡಿದ್ದಾರೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ರಾಶಿ ಫ್ರೆಂಚ್ ಪದಗಳು ಅಲ್ಲಿಗೆ ಹೋದವು ಅಂತ ಮಿಸ್ಸೇ ಹೇಳಿದ್ದು. ಕೊಟ್ಟಿಗೆಯ ಹಂದಿಗೆ ಇಂಗ್ಲಿಷರ ಹಳೆಯ ಪದ, ತಟ್ಟೆಗೆ ಬಂದರೆ ಫ್ರೆಂಚಿನಿಂದ ಬಂದ ‘ಪೋರ್ಕ್’. ಕರ್ನಲ್ ಅಂಕಲ್‌ಗೆ ಇದು ಬಹಳ ಹಿಡಿಸಿ, ಪಂದಿ ಕರಿ ಮಾಡಿದಾಗಲೆಲ್ಲ ನೆಂಟರ ಮುಂದೆ ನನ್ನಿಂದ ಹೇಳಿಸುತ್ತಿದ್ದರು. ನಾಲ್ಕು ಜನರ ಮುಂದೆ ಇಂಗ್ಲಿಷಿನಲ್ಲಿ ನಾನು ಮೊದಲು ಹೇಳಿದ ಉದ್ದದ ಕತೆ ಅದೇ.

ಒಂಬತ್ತನೇ ಕ್ಲಾಸಿನ ಮಧ್ಯದಲ್ಲಿ ಮಿಸ್ ಬಿಟ್ಟು ಹೋದರು. ಉಳಿದ ವರ್ಷ ಫ್ರೆಂಚ್ ಪೀರಿಯಡ್ಡಿನಲ್ಲಿ ನಾವು ಸುಮ್ಮನೆ ಕೂತೆವು. ಫೀಸು ಮಾತ್ರ ಪೂರ್ತಿ ತಗೊಂಡರು. ಮಿಸ್ ಕೊಟ್ಟುಹೋದ ಕ್ಯಾಸೆಟ್ಟುಗಳನ್ನು ಮನೆಯಲ್ಲಿ ಕೇಳಿಕೊಂಡೆ. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬರುವುದಿಲ್ಲ. ಸೆಲ್ ಹಾಕಿ ಹಚ್ಚಿದರೆ ಶೀಟಿನ ಮೇಲೆ ಬೀಳುವ ಮಳೆಯಲ್ಲಿ ಏನೂ ಕೇಳುವುದಿಲ್ಲ. ಟೇಪ್ ರೆಕಾರ್ಡರನ್ನು ಎದೆಗೆ ಅವುಚಿಕೊಂಡು ತಲೆತುಂಬ ಕಂಬಳಿ ಹೊದ್ದು ಕೇಳುತ್ತಿದ್ದೆ. ಜೂನ್, ಜುಲೈ ತಿಂಗಳ ಪಾಠಗಳು ನನಗೆ ಈಗಲೂ ಅರ್ಧಂಬರ್ಧ.

2008ರಲ್ಲಿ ಬೆಂಗಳೂರಿಗೆ ಹೋಗಿ ಡೆಲ್ಫ್ ಅನ್ನುವ ಫ್ರೆಂಚ್ ಭಾಷಾ ಪರೀಕ್ಷೆಯ ಎರಡನೇ ಹಂತ, ಎ2, ಬರೆದೆ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ಒಂದೊಂದಕ್ಕೆ 25 ಅಂಕ, ಒಟ್ಟು ನೂರಕ್ಕೆ ಐವತ್ತು ಬಂದರೆ ಪಾಸು, ಆದರೆ ಯಾವ ಭಾಗದಲ್ಲೂ ಐದಕ್ಕಿಂತ ಕಡಿಮೆ ಬರಬಾರದು. ಮಳೆ ನುಂಗಿದ ಪಾಠಗಳ ಫಲ ಕೇಳುವ ಭಾಗದಲ್ಲಿ ಕಂಡಿತು, ಹನ್ನೊಂದು. ಮಾತಿನಲ್ಲಿ ಹತ್ತೊಂಬತ್ತು ಬಂತು. ಆ ಹತ್ತೊಂಬತ್ತರ ಹಿಂದೆ ಒಂದು ತಪ್ಪಿದೆ.

ಪರೀಕ್ಷಕಿ ಮನೆಯವರ ಬಗ್ಗೆ ಹೇಳು ಅಂದರು. ಮೂರು ವರ್ಷ ಕನ್ನಡದ ಕಾಲಂನಿಂದ ಶುರುಮಾಡಿದವಳು ಆ ಗಾಬರಿಯಲ್ಲಿ ಮತ್ತೆ ಇಂಗ್ಲಿಷ್ ದಾರಿ ಹಿಡಿದೆ. ಅಪ್ಪ ರೈಟರ್, ಫ್ರೆಂಚಲ್ಲಿ ರೈಟರ್ ಅಂದರೆ ‘ಎಕ್ರಿವ್ಯಾಂ’. ಹೇಳಿಬಿಟ್ಟೆ. ಆಕೆಯ ಮುಖ ಅರಳಿತು. ಮುಂದೆ ಬಾಗಿ, ಓ, ಏನು ಬರೆಯುತ್ತಾರೆ, ಕಾದಂಬರಿಯಾ, ಕವಿತೆಯಾ ಅಂತ ಕೇಳಿದರು. ಆಗ ನನಗೆ ಹೊಳೆಯಿತು. ಗುಮಾಸ್ತರಿಗೆ ಬೇಕಾದ ಪದ ಬಾಯಿಗೆ ಬರಲಿಲ್ಲ. ಇದ್ದ ಪದಗಳಲ್ಲೇ ಹೇಳಿದೆ: ಅವರು ಹೆಸರು ಬರೆಯುತ್ತಾರೆ, ಕಿಲೋ ಬರೆಯುತ್ತಾರೆ. ಪ್ರತಿ ಸಂಜೆ. ಕಾಫಿ ಹಣ್ಣಿನ ಕಿಲೋ. ನಾನು ದೀಪ ಹಿಡಿಯುತ್ತೇನೆ. ಆಮೇಲೆ ಅಂಕಿ ಕಲಿತ ಕತೆಯನ್ನೂ ಹೇಳಿದೆ, ತೊಂಬತ್ತೆಂಟರವರೆಗೆ. ಆಕೆ ನಗು ತಡೆಯಲಾರದೆ ಪೆನ್ನು ಕೆಳಗಿಟ್ಟರು.

ರಾತ್ರಿ ಬಸ್ಸಿನಲ್ಲಿ ಬರುವಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಹುಣಸೂರು ದಾಟುವವರೆಗೆ ಸುಮ್ಮನಿದ್ದು, ‘ಚೆಕ್‌ರೋಲ್ ತಂದಿದ್ದರೆ ತೋರಿಸಬಹುದಿತ್ತು’ ಅಂದರು.