ಗಾಳಿ ತಂಪಾಗಿದ್ದರೂ ಬಿಸಿಲು ಸುಡುತ್ತದೆ: ಗಾಳ ಹಾಕುವವನ ಅನುಭವ

ಗಾಳ ಹಿಡಿದು ನೀರಿನಂಚಿನಲ್ಲಿ ನಿಂತವನಿಗೆ ಬಿಸಿಲಿನ ಅಂದಾಜು ಸಿಗುವುದೇ ಇಲ್ಲ. ಗದ್ದೆಯಲ್ಲಿ ಕೆಲಸ ಮಾಡುವವನಿಗೆ ಹನ್ನೊಂದು ಗಂಟೆಗೆಲ್ಲ ಬೆನ್ನು ಕಾದು, ಮರದ ಬುಡಕ್ಕೆ ಹೋಗೋಣ ಅನ್ನಿಸುತ್ತದೆ. ಅಳಿವೆಯ ಬಾಯಿಯಲ್ಲಿ ಅದೇ ಹೊತ್ತಿಗೆ ಕಡಲಗಾಳಿ ಏಳುತ್ತದೆ, ಬೆವರು ಆರುತ್ತದೆ, ಮೈಗೆ ಹಾಯೆನಿಸುತ್ತದೆ. ಚರ್ಮವನ್ನು ಸುಡುವ ಅತಿನೇರಳೆ ಕಿರಣಗಳು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯಾಗಿಯೂ ತಿಳಿಯುವುದಿಲ್ಲ. ಗಾಳಿ ಎಷ್ಟೇ ಬೀಸಿದರೂ ಅವು ಕಡಿಮೆಯಾಗುವುದಿಲ್ಲ. ಸುಟ್ಟದ್ದು ಗೊತ್ತಾಗುವುದು ಮನೆಗೆ ಬಂದು ಮೂರು ನಾಲ್ಕು ಗಂಟೆ ಕಳೆದ ಮೇಲೆ. ಉರಿ ತಾರಕಕ್ಕೇರುವುದು ಮರುದಿನ. ಆದ್ದರಿಂದ ನೀರಿನ ಬಳಿ ನಾನು ಮೈ ಹೇಳುವುದನ್ನು ನಂಬುವುದಿಲ್ಲ. ಗಡಿಯಾರವನ್ನೂ ನನ್ನ ನೆರಳನ್ನೂ ನಂಬುತ್ತೇನೆ.

ನಾನು ಗಾಳ ಹಾಕುವುದು ಹೆಚ್ಚಾಗಿ ಕುಂದಾಪುರದ ಸುತ್ತಮುತ್ತ. ಪಂಚಗಂಗಾವಳಿ ಹೊಳೆ ಕಡಲಿಗೆ ಸೇರುವ ಗಂಗೊಳ್ಳಿ ಅಳಿವೆ, ಅದರ ದಕ್ಷಿಣಕ್ಕೆ ಕೋಡಿಯ ಕಡೆ ಕಡಲೊಳಗೆ ಚಾಚಿಕೊಂಡಿರುವ ಕಲ್ಲಿನ ತಡೆಗೋಡೆ, ಒಳಗೆ ಬಂದರೆ ತೆಂಗಿನ ಮರಗಳ ಸಾಲಿರುವ ಹೊಳೆದಂಡೆ. ಮರಳಿನ ಕಡೆ ಸಿಗಡಿ ಸಿಕ್ಕಿಸಿದರೆ ಕಾಣೆ ಮೀನು, ಕಲ್ಲಿನ ಸಂದಿಗಳಲ್ಲಿ ಅದೃಷ್ಟವಿದ್ದರೆ ಕೆಂಬೇರಿ. ತಡೆಗೋಡೆಯ ಮೇಲೆ ಒಂದು ಹುಲ್ಲುಕಡ್ಡಿಯಷ್ಟೂ ನೆರಳಿಲ್ಲ.

ಮೊದಲು ಹೊತ್ತಿನ ಲೆಕ್ಕ. ಬಹಳ ಮಂದಿ ಬಿಸಿಲು ತಡೆಯುವ ಮುಲಾಮಿನಿಂದ (ಸನ್‌ಸ್ಕ್ರೀನ್) ಶುರು ಮಾಡುತ್ತಾರೆ. ನನ್ನ ಪ್ರಕಾರ ಮುಲಾಮು ಕೊನೆಯದು, ಹೊತ್ತು ಮೊದಲನೆಯದು, ಬಟ್ಟೆ ನಡುವಿನದು. ನಮ್ಮ ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಕುಂದಾಪುರ ಇರುವುದು ಸುಮಾರು 74.7 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿಗೆ. ಇದರಿಂದ ಬೆಳಗಿನ ಕಡೆ ಅರ್ಧ ಗಂಟೆ ಲಾಭ, ಮಧ್ಯಾಹ್ನದ ಕಡೆ ಅರ್ಧ ಗಂಟೆ ನಷ್ಟ. ‘ಮೂರು ಗಂಟೆಯಾಯಿತಲ್ಲ, ಬಿಸಿಲು ಇಳಿಯಿತು’ ಎಂದು ಹೊರಡುವವರು ನಮ್ಮ ಕರಾವಳಿಯಲ್ಲಿ ಇನ್ನೂ ಸ್ವಲ್ಪ ಕಾಯುವುದು ಒಳ್ಳೆಯದು.

ಗಡಿಯಾರ ನೋಡಲು ಆಗದಿದ್ದರೆ ನೆರಳು ನೋಡಿದರೆ ಸಾಕು. ನನ್ನ ನೆರಳು ನನಗಿಂತ ಉದ್ದವಿದ್ದರೆ ನಿಶ್ಚಿಂತೆಯಿಂದ ಗಾಳ ಎಸೆಯುತ್ತೇನೆ. ನೆರಳು ನನಗಿಂತ ಗಿಡ್ಡವಾದರೆ ಸಾಮಾನು ಕಟ್ಟುವ ಹೊತ್ತು ಹತ್ತಿರ ಬಂತೆಂದು ಲೆಕ್ಕ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರ ಬರುವಾಗ ನೆರಳು ಕಾಲಡಿಗೇ ಸೇರಿಬಿಡುತ್ತದೆ. ಈಗ ಮೊಬೈಲಿನ ಹವಾಮಾನದ ಪುಟದಲ್ಲಿ ಅತಿನೇರಳೆ ಕಿರಣಗಳು ಎಷ್ಟು ತೀವ್ರ ಎಂದು ಹೇಳುವ ಯುವಿ ಸೂಚ್ಯಂಕವೂ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ 3ರಿಂದ ಮೇಲಕ್ಕೆ ರಕ್ಷಣೆ ಬೇಕು, 8ರಿಂದ 10 ಅತಿ ಹೆಚ್ಚು, 11 ಮುಟ್ಟಿದರೆ ವಿಪರೀತ. ಬೇಸಿಗೆಯ ನಡುಮಧ್ಯಾಹ್ನ ನಮ್ಮ ಕಡೆ 11 ದಾಟುವುದು ಮಾಮೂಲು.

ಆದರೆ ಮೀನು ಸೂರ್ಯನ ಲೆಕ್ಕದಲ್ಲಿ ಬರುವುದಿಲ್ಲ, ನೀರಿನ ಲೆಕ್ಕದಲ್ಲಿ ಬರುತ್ತದೆ. ಅಳಿವೆಯಲ್ಲಿ ನೀರು ಏರುವ ಹೊತ್ತು ನನಗೆ ಮುಖ್ಯ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ನಮ್ಮಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸಾಮಾನ್ಯವಾಗಿ ಹಗಲಿನ ಉಬ್ಬರ ತುಂಬುವುದು ಮಧ್ಯಾಹ್ನದ ಹತ್ತಿರ. ಆ ದಿನಗಳಲ್ಲಿ ಬೆಳಗಿನ ಬೆಳಕಿಗೇ ಹೋಗಿ ಏರುವ ನೀರಿನ ಮೊದಲ ಭಾಗದಲ್ಲಿ ಗಾಳ ಹಾಕಿ, ಹತ್ತೂವರೆಯೊಳಗೆ ಎದ್ದುಬಿಡುತ್ತೇನೆ. ಅಷ್ಟಮಿಯ ಸುತ್ತಮುತ್ತ ಉಬ್ಬರ ಸಂಜೆಯ ಕಡೆಗೆ ಸರಿದಿರುತ್ತದೆ; ಆಗ ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಮೂರೂವರೆಯ ಮೇಲೆ ಹೊರಡುತ್ತೇನೆ. ಪಂಚಾಂಗದ ತಿಥಿಯನ್ನೂ ಉಬ್ಬರದ ಪಟ್ಟಿಯನ್ನೂ ಜೊತೆಗಿಟ್ಟುಕೊಂಡು ಹೀಗೆ ಹೊಂದಿಸಿದರೆ ಸುಡುವ ಬಿಸಿಲಿನ ಬಹುಪಾಲು ತಾನಾಗಿಯೇ ತಪ್ಪುತ್ತದೆ. ಮೀನೂ ಕಡಿಮೆಯಾಗುವುದಿಲ್ಲ.

ಮೋಡದ ವಿಷಯದಲ್ಲಿ ಜನ ಮೋಸ ಹೋಗುವುದು ಶ್ರಾವಣ, ಭಾದ್ರಪದದಲ್ಲಿ. ತೆಳು ಮೋಡ ಕಾವನ್ನು ತಡೆದರೂ ಅತಿನೇರಳೆ ಕಿರಣಗಳ ಬಹುಪಾಲನ್ನು ಕೆಳಗೆ ಬಿಡುತ್ತದೆ. ಆಗಸ್ಟ್ ಮಧ್ಯದಲ್ಲಿ ಸೂರ್ಯ ಇನ್ನೊಮ್ಮೆ ನಮ್ಮ ನೆತ್ತಿಗೆ ಬರುತ್ತಾನೆ, ಸೆಪ್ಟೆಂಬರಿನಲ್ಲೂ ಹೆಚ್ಚು ಕೆಳಗಿಳಿದಿರುವುದಿಲ್ಲ. ಮಳೆ ತೊಳೆದ ಆಕಾಶದಲ್ಲಿ ಧೂಳೂ ಇರುವುದಿಲ್ಲ. ಮಳೆಗಾಲ ಬಿಡುವು ಕೊಟ್ಟಿತೆಂದು ಖುಷಿಯಿಂದ ತಡೆಗೋಡೆಗೆ ಓಡುವ ಆ ದಿನಗಳಲ್ಲಿ ನಾನು ಏಪ್ರಿಲಿನಷ್ಟೇ ಎಚ್ಚರಿಕೆ ವಹಿಸುತ್ತೇನೆ.

ಇನ್ನು ಬಟ್ಟೆ. ಬಿಳಿಯ ತೆಳು ಹತ್ತಿ ಬನಿಯನ್ನು ಅಥವಾ ಟಿ-ಶರ್ಟು ತಂಪು ಎಂಬ ಮಾತು ಸರಿ, ಆದರೆ ಅದು ಅತಿನೇರಳೆ ಕಿರಣವನ್ನು ಪೂರ್ತಿ ತಡೆಯುವುದಿಲ್ಲ. ಅಲೆ ಚಿಮ್ಮಿ ಒದ್ದೆಯಾದರೆ ತಡೆಯುವುದು ಇನ್ನೂ ಕಡಿಮೆ. ಅಂಗಡಿಯಲ್ಲಿ ಬಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ: ಆಚೆಯ ಬಲ್ಬು ಸ್ಪಷ್ಟವಾಗಿ ಕಂಡರೆ ಬಿಸಿಲೂ ಹಾಗೆಯೇ ಒಳಗೆ ಬರುತ್ತದೆ. ನಾನು ಹಾಕುವುದು ಒತ್ತು ನೇಯ್ಗೆಯ, ಕಡುನೀಲಿಯ, ಕಾಲರಿರುವ ತುಂಬುತೋಳಿನ ಪಾಲಿಯೆಸ್ಟರ್ ಅಂಗಿ, ಒಂದು ಅಳತೆ ದೊಡ್ಡದು. ಸಡಿಲವಿದ್ದರೆ ಗಾಳಿ ಒಳಗೆ ಓಡಾಡುತ್ತದೆ, ಬೇಗ ಒಣಗುತ್ತದೆ. ಗಾಳ ಎಸೆಯುವಾಗ ತೋಳು ಮೇಲೆ ಸರಿದು ಮಣಿಕಟ್ಟು ಬಯಲಾಗುತ್ತದೆ. ಅದಕ್ಕೆ ತೋಳು ಉದ್ದವಿರುವ ಅಂಗಿಯನ್ನೇ ಆರಿಸುತ್ತೇನೆ.

ತಲೆಗೆ ನಮ್ಮ ಹಿರಿಯರು ಹಾಕುತ್ತಿದ್ದ ಅಡಿಕೆ ಹಾಳೆಯ ಮುಟ್ಟಾಳೆ ನೆತ್ತಿಗೆ ಅದ್ಭುತ. ಹಗುರ, ತಂಪು, ನೀರು ತಾಗಿದರೆ ಕೊಡವಿದರೆ ಆಯಿತು. ಆದರೆ ಅದಕ್ಕೆ ಅಂಚಿಲ್ಲ; ಕಿವಿ, ಕತ್ತು, ಮೂಗು ಬಯಲಲ್ಲೇ. ಮುಂದೆ ಮಾತ್ರ ಚಾಚಿರುವ ಕ್ರಿಕೆಟ್ ಟೊಪ್ಪಿಗೂ ಇದೇ ಕೊರತೆ, ಕಿವಿಯ ಮೇಲಂಚು ಅದರಲ್ಲಿ ಖಂಡಿತ ಸುಡುತ್ತದೆ. ಸುತ್ತಲೂ ಮೂರಿಂಚು ಅಂಚಿರುವ, ಗದ್ದದ ಕೆಳಗೆ ದಾರ ಕಟ್ಟುವ ಟೊಪ್ಪಿ ಬೇಕು. ದಾರವಿಲ್ಲದ್ದನ್ನು ತಡೆಗೋಡೆಯ ಗಾಳಿ ಮೊದಲ ಅರ್ಧ ಗಂಟೆಯಲ್ಲೇ ಕಡಲಿಗೆ ಕೊಡುತ್ತದೆ. ಅಂಚಿನ ಒಳಮೈ ಕಪ್ಪಾಗಿದ್ದರೆ ನೀರಿನ ಪ್ರತಿಫಲನ ಕಣ್ಣಿಗೆ ಹೊಡೆಯುವುದಿಲ್ಲ. ಟೊಪ್ಪಿಯ ಕೆಳಗೆ ಒಂದು ಬೈರಾಸು (ತೆಳು ಟವೆಲು) ಹೊದ್ದು ಎರಡು ತುದಿಯನ್ನು ಅಂಗಿಯ ಕಾಲರಿನೊಳಗೆ ತುರುಕುತ್ತೇನೆ. ದೋಣಿಯವರು ಬೈರಾಸು ಕಟ್ಟಿಕೊಳ್ಳುವುದನ್ನು ನೋಡಿಯೇ ಕಲಿತದ್ದು ಇದು.

ದೊಡ್ಡ ಕೊಡೆ ನೆಟ್ಟು ಕೂರುವವರಿದ್ದಾರೆ. ನೆರಳು ಒಳ್ಳೆಯದೇ, ಆದರೆ ಕೊಡೆಯ ನೆರಳು ಪೂರ್ತಿ ನೆರಳಲ್ಲ. ಅತಿನೇರಳೆ ಕಿರಣಗಳಲ್ಲಿ ದೊಡ್ಡ ಪಾಲು ಆಕಾಶದ ಎಲ್ಲ ಕಡೆಯಿಂದ ಚದುರಿ ಬರುತ್ತದೆ. ಒಣ ಮರಳು ಸುಮಾರು 15 ಶೇಕಡಾ, ಅಲೆಯ ನೊರೆ ಸುಮಾರು 25 ಶೇಕಡಾ ಹಿಂದಕ್ಕೆ ಎಸೆಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಗದ್ದದ ಕೆಳಭಾಗ, ಮೂಗಿನ ಹೊಳ್ಳೆಯ ಅಡಿ ಸುಡುವುದು ಹೀಗೆ. ತಲೆಯೆತ್ತಿದರೆ ಆಕಾಶವೇ ಕಾಣದಷ್ಟು ದಟ್ಟವಾದ ಮರದಡಿ ಸಿಕ್ಕರೆ ಅದೇ ನಿಜವಾದ ನೆರಳು.

ಎಲ್ಲರೂ ಮರೆಯುವ ಎರಡು ಜಾಗ ಮುಂಗೈ (ಅಂಗೈಯ ಹಿಂಬದಿ) ಮತ್ತು ಪಾದ. ಬೆಂಗಳೂರಿನಿಂದ ಬಂದಿದ್ದ ನನ್ನ ಅಕ್ಕನ ಮಗ ಒಂದು ಸೆಪ್ಟೆಂಬರಿನಲ್ಲಿ ನನ್ನ ಜೊತೆ ತಡೆಗೋಡೆಗೆ ಬಂದ. ಟೊಪ್ಪಿ, ತುಂಬುತೋಳು ಎಲ್ಲ ಹಾಕಿಸಿದೆ. ಕಾಲಿಗೆ ಶೂ ಹಾಕಿಕೋ ಎಂದರೆ, "ಮಾವ, ಇಷ್ಟು ತಂಪು ಗಾಳಿ ಇದೆ, ಬಿಸಿಲೇ ತಾಗುತ್ತಿಲ್ಲ, ಚಪ್ಪಲಿ ಸಾಕು" ಎಂದ. ಅವನು ಇಡೀ ಬೆಳಗು ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದ. ರಾತ್ರಿ ಊಟಕ್ಕೆ ಕುಳಿತಾಗ ಪಾದ ನೆಲಕ್ಕೆ ತಾಗಿಸಲಾರದೆ ಎತ್ತಿ ಹಿಡಿದುಕೊಂಡಿದ್ದ. ಚಪ್ಪಲಿಯ ಪಟ್ಟಿ ಇದ್ದ ಕಡೆ ಎರಡು ಬೆರಳಗಲದ ತಿಳಿ ಗೆರೆ, ಅದರ ಎರಡೂ ಬದಿ ಊದಿ ಬಿಗಿದು ಮಿರುಗುವ ಚರ್ಮ. ಮೂರನೆಯ ದಿನ ಹೆಬ್ಬೆರಳಿನ ಬುಡದಿಂದ ಸಿಪ್ಪೆ ಏಳತೊಡಗಿತು. ನಾನಂತೂ ಹಳೆಯ ಕ್ಯಾನ್ವಾಸ್ ಶೂವಿಗೆ ಕಾಲುಚೀಲ ಹಾಕಿಯೇ ಹೋಗುವುದು. ಬಂಡೆಗೆ ಅಂಟಿದ ಚಿಪ್ಪುಗಳಿಂದ ಅಂಗಾಲನ್ನೂ ಅದು ಕಾಯುತ್ತದೆ. ಕೈಗೆ ಬೆರಳ ತುದಿ ತೆರೆದಿರುವ ತೆಳು ಗವಸು ಹಾಕಿದರೆ ಗಂಟು ಹಾಕುವುದಕ್ಕೂ ಅಡ್ಡಿಯಿಲ್ಲ.

ಇಷ್ಟೆಲ್ಲ ಆದ ಮೇಲೆ ಮುಲಾಮಿಗೆ ಉಳಿಯುವುದು ಮುಖ, ಕಿವಿ, ಕತ್ತಿನ ಮುಂಭಾಗ, ಬೆರಳುಗಳು. ಹಚ್ಚುವ ಜಾಗ ಕಡಿಮೆಯಾದಷ್ಟು ಸರಿಯಾಗಿ ಹಚ್ಚಬಹುದು. ಮುಲಾಮಿನ ತಡೆಯುವ ಶಕ್ತಿಯನ್ನು ಎಸ್‌ಪಿಎಫ್ ಎಂಬ ಅಂಕಿಯಲ್ಲಿ ಬರೆದಿರುತ್ತಾರೆ; ಸರಿಯಾಗಿ ಹಚ್ಚಿದ ಎಸ್‌ಪಿಎಫ್ 30 ಸುಡುವ ಕಿರಣಗಳಲ್ಲಿ ಸುಮಾರು 97 ಶೇಕಡಾ ತಡೆಯುತ್ತದೆ, 50 ಇದ್ದರೆ ಸುಮಾರು 98. ವ್ಯತ್ಯಾಸ ಅಷ್ಟೇ. ಹಾಗಾಗಿ ದೊಡ್ಡ ಅಂಕಿಗೆ ದುಡ್ಡು ಸುರಿಯುವುದಕ್ಕಿಂತ ಎಷ್ಟು ಹಚ್ಚುತ್ತೇವೆ ಎಂಬುದೇ ಮುಖ್ಯ. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖ ಮತ್ತು ಕತ್ತಿಗೆ ಆಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದರ ಕಾಲುಭಾಗ ಹಚ್ಚಿ ‘ಏನೂ ಪ್ರಯೋಜನವಿಲ್ಲ’ ಎನ್ನುತ್ತಾರೆ. ಮನೆಯಿಂದ ಹೊರಡುವ ಮೊದಲೇ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮುಖ ಒರೆಸಿಕೊಂಡರೆ ಆಗಲೇ. ತುಟಿಗೂ ಎಸ್‌ಪಿಎಫ್ ಇರುವ ಕಡ್ಡಿ ಸಿಗುತ್ತದೆ, ಗಾಳ ಹಾಕುವವನ ಕೆಳದುಟಿಗೆ ಅದು ಬೇಕೇ ಬೇಕು. ಹುಬ್ಬಿನ ಮೇಲೆ ನಾನು ಹಚ್ಚುವುದಿಲ್ಲ, ಬೆವರಿನೊಂದಿಗೆ ಇಳಿದು ಕಣ್ಣು ಉರಿಯುತ್ತದೆ. ಹಣೆಯನ್ನು ಟೊಪ್ಪಿ ನೋಡಿಕೊಳ್ಳುತ್ತದೆ.

ಗಾಳದವರು ಮುಲಾಮಿಗೆ ಹೇಳುವ ದೊಡ್ಡ ತಕರಾರು ವಾಸನೆ. ಅಂಗೈಯಲ್ಲಿ ಮುಲಾಮು ಇದ್ದರೆ ಸಿಗಡಿಗೆ ಹತ್ತುತ್ತದೆ, ಮೀನು ಮುಟ್ಟುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ನನಗೂ ಆ ಜಿಡ್ಡು ಎರೆಗೆ ತಾಗುವುದು ಇಷ್ಟವಿಲ್ಲ. ರೀಲಿನ ಹಿಡಿಯೂ ಜಾರುತ್ತದೆ. ಉಪಾಯ ಸುಲಭ. ಎಡ ಮುಂಗೈ ಮೇಲೆ ಮುಲಾಮು ಹಿಂಡಿ, ಬಲ ಮುಂಗೈಯನ್ನು ಅದಕ್ಕೆ ಒತ್ತಿ ಉಜ್ಜುತ್ತೇನೆ, ಎರಡಕ್ಕೂ ಹತ್ತುತ್ತದೆ. ಅದೇ ಮುಂಗೈಗಳಿಂದ ಕೆನ್ನೆ, ಕಿವಿ, ಕತ್ತು ಸವರುತ್ತೇನೆ. ಅಂಗೈ, ಬೆರಳ ತುದಿಗೆ ಒಂದು ಹನಿಯೂ ತಾಗುವುದಿಲ್ಲ. ಟ್ಯೂಬನ್ನು ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ, ಕಾವಿಗೆ ಕೆಟ್ಟುಹೋಗುತ್ತದೆ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ಐಸ್ ಪೆಟ್ಟಿಗೆಯ ಮೂಲೆಯಲ್ಲಿ ಇಡುತ್ತೇನೆ. ತೆಂಗಿನೆಣ್ಣೆ ಹಚ್ಚಿದರೆ ಸಾಕೆನ್ನುವವರಿದ್ದಾರೆ; ಬಿಸಿಲು ತಡೆಯುವ ಶಕ್ತಿ ಅದಕ್ಕೆ ತೀರಾ ಅಲ್ಪ.

ನಿಂಬೆಹಣ್ಣಿನ ವಿಷಯವನ್ನು ಒತ್ತಿ ಹೇಳಬೇಕು. ಮೀನಿನ ವಾಸನೆ ಹೋಗಲೆಂದು ಕೈಗೆ ನಿಂಬೆ ಉಜ್ಜಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಮನೆಯಲ್ಲಿ ಸಂಜೆ ಮಾಡಿದರೆ ತೊಂದರೆಯಿಲ್ಲ. ದಂಡೆಯಲ್ಲೇ ಉಜ್ಜಿಕೊಂಡು ಬಿಸಿಲಿನಲ್ಲಿ ನಿಂತರೆ ನಿಂಬೆರಸದಲ್ಲಿರುವ ಒಂದು ಬಗೆಯ ರಾಸಾಯನಿಕ ಬಿಸಿಲಿನ ಜೊತೆ ಸೇರಿ ಚರ್ಮವನ್ನು ಸುಡುತ್ತದೆ. ಒಂದೆರಡು ದಿನದಲ್ಲಿ ಗುಳ್ಳೆ, ಆಮೇಲೆ ರಸ ಹರಿದ ದಾರಿಯಲ್ಲೇ ವಾರಗಟ್ಟಲೆ ಉಳಿಯುವ ಕಂದು ಗೆರೆಗಳು. ದಂಡೆಯಲ್ಲಿ ಸಾಬೂನು ಸಾಕು. ಹಾಗೆಯೇ ಮಳೆಗಾಲದಲ್ಲಿ ಇಲಿಜ್ವರಕ್ಕೆಂದು ವೈದ್ಯರು ಡಾಕ್ಸಿಸೈಕ್ಲಿನ್ ಕೊಟ್ಟಿದ್ದರೆ, ಆ ಮಾತ್ರೆ ಚರ್ಮವನ್ನು ಬಿಸಿಲಿಗೆ ಬಹಳ ಸೂಕ್ಷ್ಮ ಮಾಡುತ್ತದೆ. ಮಾತ್ರೆ ಬಿಡುವುದಲ್ಲ, ಅದು ಮುಗಿಯುವವರೆಗೆ ಹಗಲಿನ ಗಾಳ ಬಿಡುವುದು.

ಕಣ್ಣು. ನಮ್ಮ ನೆರೆಮನೆಯ ಹಿರಿಯರೊಬ್ಬರು ಆಯುಷ್ಯವೆಲ್ಲ ದೋಣಿಯಲ್ಲಿ ಕಳೆದವರು. ಅವರ ಕಣ್ಣಿನ ಬಿಳಿಭಾಗದಿಂದ ಕಪ್ಪುಗುಡ್ಡೆಯ ಮೇಲೆ ಮಾಂಸದಂಥ ಪೊರೆ ಬೆಳೆದು ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ಟೆರಿಜಿಯಂ ಎನ್ನುತ್ತಾರೆ, ಬಿಸಿಲು, ಗಾಳಿಗಳಲ್ಲಿ ದುಡಿಯುವವರಲ್ಲಿ ಹೆಚ್ಚು. ಪೋಲರಾಯ್ಡ್ ಕನ್ನಡಕ ನೀರಿನ ಹೊಳಪು ತೆಗೆದು ಒಳಗಿನ ಮೀನು ಕಾಣಿಸುತ್ತದೆ, ಆದರೆ ಹೊಳಪು ತೆಗೆಯುವುದು ಬೇರೆ, ಅತಿನೇರಳೆ ಕಿರಣ ತಡೆಯುವುದು ಬೇರೆ. ಯುವಿ 400 ಎಂದು ಬರೆದಿರುವುದನ್ನೇ, ಬದಿಯೂ ಮುಚ್ಚುವ ಆಕಾರದ್ದನ್ನೇ ಕೊಳ್ಳಿ.

ನಮ್ಮದು ಕಪ್ಪು ಚರ್ಮ, ಬಿಸಿಲು ಏನು ಮಾಡೀತು ಎಂಬ ಮಾತನ್ನು ದಂಡೆಯ ಮೇಲೆ ಕೇಳುತ್ತಲೇ ಇರುತ್ತೇನೆ. ಕಪ್ಪು ಬಣ್ಣ ಸ್ವಲ್ಪ ಮಟ್ಟಿಗೆ ಕಾಯುವುದು ನಿಜ, ಪೂರ್ತಿ ಕಾಯುವುದಿಲ್ಲ. ನಮ್ಮ ಚರ್ಮ ಸುಟ್ಟರೆ ಕೆಂಪು ಎದ್ದು ಕಾಣುವುದಿಲ್ಲ, ಹಾಗಾಗಿ ಸುಟ್ಟಿಲ್ಲ ಎಂದುಕೊಳ್ಳುತ್ತೇವೆ. ಮುಟ್ಟಿದರೆ ಬಿಸಿ, ಬಿಗಿತ, ಅಂಗಿ ತಾಗಿದರೆ ಉರಿ, ಆಮೇಲೆ ತುರಿಕೆ, ಸಿಪ್ಪೆ: ನಮ್ಮಲ್ಲಿ ಗುರುತು ಇವೇ.

ಸುಟ್ಟೇಬಿಟ್ಟರೆ ಮಾಡುವುದು ಹೆಚ್ಚೇನಿಲ್ಲ. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಆಗಾಗ ಇಡುವುದು, ಐಸನ್ನು ನೇರ ಇಡದಿರುವುದು, ಲೋಳೆಸರದ ತಿರುಳು ಸವರುವುದು, ನೀರು, ಗಂಜಿ ತಿಳಿ, ಉಪ್ಪು ಹಾಕಿದ ಮಜ್ಜಿಗೆ ಧಾರಾಳವಾಗಿ ಕುಡಿಯುವುದು. ತುಪ್ಪ, ಟೂತ್‌ಪೇಸ್ಟ್ ಬೇಡ, ಗುಳ್ಳೆ ಒಡೆಯಬೇಡಿ. ಗುಳ್ಳೆ ಅಗಲಕ್ಕೆ ಎದ್ದರೆ, ಜ್ವರ, ಚಳಿ, ತಲೆಸುತ್ತು, ವಾಂತಿ ಬಂದರೆ ಆ ದಿನವೇ ವೈದ್ಯರಿಗೆ ತೋರಿಸಿ. ಸಿಪ್ಪೆ ಬಿಟ್ಟು ಬಂದ ಹೊಸ ಚರ್ಮ ಇನ್ನೂ ಬೇಗ ಸುಡುತ್ತದೆ, ಅದು ಗಟ್ಟಿಯಾಗುವವರೆಗೆ ಹಗಲಲ್ಲಿ ಬಯಲಿಗೆ ಒಡ್ಡಬಾರದು. ಅಷ್ಟು ದಿನ ಗಾಳ ಬಿಟ್ಟಿರಲು ಆಗದವರು ರಾತ್ರಿ ಹೋಗಬಹುದು. ಕೆಂಬೇರಿ ಹೇಗೂ ಹೆಚ್ಚಾಗಿ ಕತ್ತಲಾದ ಮೇಲೆ ಕಲ್ಲಿನ ಸಂದಿಯಿಂದ ಹೊರಗೆ ಬಂದು ಎರೆ ಹಿಡಿಯುವ ಮೀನು.