ಕೇಬಲ್ ಸಿಕ್ಕಿಸಿದರೆ ಮಾಯವಾಗುತ್ತಿದ್ದ ತೊಂದರೆ

ಒಂದು ಕಡೆ ಆರ್ಡುಯಿನೊ ಉನೊ, ಇನ್ನೊಂದು ಕಡೆ ಇಎಸ್‌ಪಿ32. ಎರಡೂ ಪ್ರೋಗ್ರಾಂ ಹಾಕಿ ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್‌ಗಳು. ಉನೊ ಉಷ್ಣಾಂಶದ ಸೆನ್ಸರ್ ಓದಿ ಸೀರಿಯಲ್‌ನಲ್ಲಿ, ಅಂದರೆ ವೈರ್ ಮೇಲೆ ಒಂದೊಂದೇ ಬಿಟ್ ಆಗಿ ಕಳಿಸಬೇಕು, ಇಎಸ್‌ಪಿ32 ಅದನ್ನು ವೈಫೈಗೆ ದಾಟಿಸಬೇಕು. ಡೇಟಾ ಹೋಗೋದು ಒಂದೇ ದಿಕ್ಕಿಗೆ ಅಲ್ವಾ? ಹಾಗಂತ ಉನೊದ ಕಳಿಸುವ ಪಿನ್ ಟಿಎಕ್ಸ್‌ನಿಂದ ಇಎಸ್‌ಪಿ32ರ ಪಡೆಯುವ ಪಿನ್ ಆರ್‌ಎಕ್ಸ್‌ಗೆ ಒಂದೇ ವೈರ್ ಎಳೆದೆ. ಉನೊದ 5 ವೋಲ್ಟನ್ನು ಇಎಸ್‌ಪಿ32ರ 3.3ಕ್ಕೆ ಇಳಿಸಲು ನಡುವೆ 1 ಕಿಲೋಓಮ್, 2 ಕಿಲೋಓಮ್ ರೆಸಿಸ್ಟರ್ ಹಾಕಿದ್ದೆ. ಅಷ್ಟು ಜಾಣತನ ಇತ್ತು.

ಎರಡೂ ಬೋರ್ಡ್ ಲ್ಯಾಪ್‌ಟಾಪ್‌ನ ಯುಎಸ್‌ಬಿಯಲ್ಲಿದ್ದಾಗ ಎಲ್ಲ ಸರಿಯಾಗಿತ್ತು. ಉನೊವನ್ನು ಬ್ಯಾಟರಿಗೆ ಹಾಕಿದೆ, ಇಎಸ್‌ಪಿ32ಗೆ ಒಂದಕ್ಷರವೂ ಬರಲಿಲ್ಲ. ಏನಾಗಿದೆ ನೋಡೋಣ ಅಂತ ಉನೊಗೆ ಕೇಬಲ್ ಸಿಕ್ಕಿಸಿದರೆ ಮತ್ತೆ ಸರಿ! ಕೇಬಲ್ ತೆಗೆದರೆ ಮತ್ತೆ ಮೌನ.

ನಾನು ಅನುಮಾನಪಟ್ಟಿದ್ದು ಬಾಡ್ ರೇಟ್ ಮೇಲೆ, ಅಂದರೆ ಸೆಕೆಂಡಿಗೆ ಎಷ್ಟು ಬಿಟ್ ಅನ್ನುವ ವೇಗದ ಮೇಲೆ. 16 ಮೆಗಾಹರ್ಟ್ಸ್‌ನ ಉನೊದಲ್ಲಿ 115200 ಕರಾರುವಾಕ್ಕಾಗಿ ಬರುವುದಿಲ್ಲ, ಸುಮಾರು ಶೇ. 2ರಷ್ಟು ವ್ಯತ್ಯಾಸ ಇರುತ್ತದೆ. 9600ಕ್ಕೆ ಇಳಿಸಿದೆ. ಏನೂ ಬದಲಾಗಲಿಲ್ಲ. ಬ್ಯಾಟರಿಯನ್ನೂ ಸುಮ್ನೆ ಬೈದುಕೊಂಡೆ.

ಕೊನೆಗೆ ಮಲ್ಟಿಮೀಟರ್ ತೆಗೆದೆ. ಏನೂ ಕಳಿಸದೆ ಇರುವಾಗ ಟಿಎಕ್ಸ್ ಹೈ ಆಗಿರಬೇಕು, ಅಂದರೆ ಅದರಲ್ಲಿ ವೋಲ್ಟೇಜ್ ಇರಬೇಕು. ಉನೊದ ಗ್ರೌಂಡ್‌ಗೆ (ವೋಲ್ಟೇಜ್ ಅಳೆಯಲು ಸೊನ್ನೆ ಎಂದಿಟ್ಟುಕೊಳ್ಳುವ ಬಿಂದು) ಇಟ್ಟು ಅಳೆದರೆ ಟಿಎಕ್ಸ್‌ನಲ್ಲಿ 5 ವೋಲ್ಟ್. ಇಎಸ್‌ಪಿ32ರ ಗ್ರೌಂಡ್‌ಗೆ ಇಟ್ಟು ಆರ್‌ಎಕ್ಸ್ ಅಳೆದರೆ ಸೊನ್ನೆ. ಆಗ ಹೊಳೆಯಿತು. ಎರಡು ಬೋರ್ಡ್‌ಗಳ ಗ್ರೌಂಡ್ ಸೇರಿಸೇ ಇರಲಿಲ್ಲ! ಸೊನ್ನೆ ಎರಡಕ್ಕೂ ಒಂದೇ ಆಗದಿದ್ದರೆ ಉನೊದ 5 ವೋಲ್ಟ್ ಇಎಸ್‌ಪಿ32ಗೆ ಹೇಗೆ ಗೊತ್ತಾಗಬೇಕು? ಇಷ್ಟು ದಿನ ಆ ಕೆಲಸವನ್ನು ಲ್ಯಾಪ್‌ಟಾಪ್ ತನ್ನ ಯುಎಸ್‌ಬಿ ಮೂಲಕ ಮಾಡಿಕೊಡುತ್ತಿತ್ತು. ಗ್ರೌಂಡ್‌ಗಳ ನಡುವೆ ಇನ್ನೊಂದು ವೈರ್ ಹಾಕಿದೆ, ಡೇಟಾ ಬಂತು.

ಪೂರ್ತಿ ಸರಿಹೋಗಲಿಲ್ಲ ಅನ್ನಿ. ವೈಫೈ ನಿಧಾನವಾದಾಗ 27.4 ಬರುವ ಕಡೆ 27.27.5 ಅಂತ ಬರುತ್ತಿತ್ತು. ಇಎಸ್‌ಪಿ32ರ ಸೀರಿಯಲ್ ಬಫರ್ (ಬಂದ ಡೇಟಾ ಓದುವ ತನಕ ಕಾದು ಕೂರುವ ಜಾಗ) ಮಾಮೂಲಾಗಿ 256 ಬೈಟ್. ಕೋಡ್ ವೈಫೈಗಾಗಿ ಕಾಯುತ್ತಾ ಕೂತರೆ ಅದು ತುಂಬಿ, ಮುಂದಿನದು ಬಿದ್ದುಹೋಗುತ್ತದೆ. ಪ್ರತಿ ಸಾಲಿನ ಆಚೆ ಈಚೆ < ಮತ್ತು > ಹಾಕಿ, ಅರ್ಧಂಬರ್ಧ ಬಂದದ್ದನ್ನು ಎಸೆದೆ. ಅದೂ ಸಾಲದು. <27.4> ಮತ್ತು <27.8> ನಡುವೆ ಬೈಟ್‌ಗಳು ಕಳೆದು <2.8> ಅಂತ ಬಂದರೆ ನೋಡೋಕೆ ಒಳ್ಳೆ ಸಾಲಿನಂತೆಯೇ ಇರುತ್ತದೆ! ಹಾಗಾಗಿ ಎಲ್ಲ ಬೈಟ್‌ಗಳ ಮೇಲೆ ಎಕ್ಸಾರ್ ಎಂಬ ಬಿಟ್ ಲೆಕ್ಕ ಮಾಡಿ ಒಂದು ಚೆಕ್‌ಸಮ್, ಅಂದರೆ ಸಾಲು ಸರಿಯಾಗಿ ಬಂತೇ ಎಂದು ತಾಳೆ ನೋಡುವ ಸಂಖ್ಯೆ ಸೇರಿಸಿದೆ. ಸೆಕೆಂಡಿಗೆ 10 ಸಲ ಕಳಿಸುತ್ತಿದ್ದದ್ದನ್ನು ಒಂದಕ್ಕೆ ಇಳಿಸಿದೆ. ಕೋಣೆಯ ಉಷ್ಣಾಂಶ ಅಷ್ಟು ಬೇಗ ಎಲ್ಲಿ ಬದಲಾಗುತ್ತೆ?