ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ಶುರುವಾದ ಓದು

ಪತ್ತೇದಾರಿ ಕಾದಂಬರಿ ಬರೆಯಬೇಕು ಅಂತ ಮನಸ್ಸಿಗೆ ಬಂದಾಗ ನಾನು ಹೊಸ ಪುಸ್ತಕ ಹುಡುಕಲು ಹೋಗಲಿಲ್ಲ. ಆಗಲೇ ಓದಿ ಮುಗಿಸಿದ್ದ, ಕೊಲೆಗಾರ ಯಾರೆಂದು ಚೆನ್ನಾಗಿ ಗೊತ್ತಿದ್ದ ಹಳೆಯ ಪುಸ್ತಕಗಳನ್ನೇ ಮತ್ತೆ ತೆಗೆದೆ. ಎರಡು ಬಣ್ಣದ ಪೆನ್ಸಿಲ್ ಇಟ್ಟುಕೊಂಡು ಕೂತೆ. ಸುಳಿವು ಕಂಡಲ್ಲಿ ಕೆಂಪು ಗೆರೆ, ಯಾರಾದರೂ ಸುಳ್ಳು ಹೇಳಿದಲ್ಲಿ ನೀಲಿ ಗೆರೆ. ಮೊದಲ ಸಲ ಓದುವಾಗ ನಾವು ಪತ್ತೇದಾರನ ಹಿಂದೆ ಓಡುತ್ತಿರುತ್ತೇವೆ. ಎರಡನೇ ಸಲ ಲೇಖಕರ ಕೈ ಕಾಣುತ್ತದೆ.

ಮೊದಲು ಎತ್ತಿಕೊಂಡಿದ್ದು ಅಗಾಥಾ ಕ್ರಿಸ್ಟಿಯವರ 'ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್', 1926ರದ್ದು. ಉತ್ತರ ಏನೆಂದು ಇಲ್ಲಿ ಹೇಳಲ್ಲ, ಇನ್ನೂ ಓದದವರ ಖುಷಿ ಕಸಿಯಬಾರದು. ಅದು ಹೊರಬಂದಾಗ ಲೇಖಕಿ ಮೋಸ ಮಾಡಿದರು ಅಂತ ಕೆಲವರು ಸಿಟ್ಟಾಗಿದ್ದರು. ನಾನು ಮೋಸದ ವಾಕ್ಯ ಎಲ್ಲಿದೆ ಅಂತ ಹಟ ಹಿಡಿದು ಹುಡುಕಿದೆ. ಸಿಗಲಿಲ್ಲ. ಬೇಕಾದ್ದೆಲ್ಲ ಪುಟದ ಮೇಲೇ ಇದೆ, ನಾವು ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋಗಿರುತ್ತೇವೆ, ಅಷ್ಟೇ.

ಹೀಗೆ ಒಂದಷ್ಟು ಪುಸ್ತಕಗಳಿಗೆ ಗೆರೆ ಎಳೆದ ಮೇಲೆ ಕೆಂಪು ಗೆರೆಗಳು ಎಲ್ಲಿ ಬೀಳುತ್ತವೆ ಅನ್ನುವುದು ಕಾಣತೊಡಗಿತು. ಕೋಣೆಯಲ್ಲಿದ್ದ ವಸ್ತುಗಳ ಪಟ್ಟಿಯಲ್ಲಿ ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ, ನಡುವಿನದು. ಯಾರೋ ಕಿರುಚುವುದಕ್ಕೆ ಸ್ವಲ್ಪ ಮೊದಲು ಬರುವ ಸಪ್ಪೆ ವಾಕ್ಯ. ಇಲ್ಲವೇ ಯಾರೂ ಬೆಲೆ ಕೊಡದ ಒಬ್ಬರ ಮಾತು: ವಟವಟ ಅನ್ನುವ ಹೆಂಗಸು, ಮಗು, ಮನೆಗೆಲಸದವಳು. ಈ ಕೊನೆಯದು ಬರೀ ತಂತ್ರ ಅಂತ ನನಗೆ ಅನಿಸುವುದಿಲ್ಲ. ಯಾರ ಮಾತನ್ನು ನಾವು ಕೇಳಿಸಿಕೊಳ್ಳುವುದಿಲ್ಲ ಅನ್ನುವುದೇ ಈ ಕಾದಂಬರಿಗಳ ದೊಡ್ಡ ವಿಷಯ. ಸ್ವೆಟರ್ ಹೆಣೆಯುತ್ತಾ ಮೂಲೆಯಲ್ಲಿ ಕೂತ ಮುದುಕಿಯನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಕ್ರಿಸ್ಟಿಯವರ ಮುದುಕಿ ಪತ್ತೇದಾರೆ ಮಿಸ್ ಮಾರ್ಪಲ್‌ಗೆ ಎಲ್ಲ ಕೇಳಿಸುವುದು, ಕಾಣಿಸುವುದು ಅದಕ್ಕೇ.

ಇನ್ನೊಂದು ಬಗೆಯ ಸುಳಿವು ಇದೆ, ಆಗಬೇಕಿದ್ದದ್ದು ಆಗದೇ ಇರುವುದು. ಕಾನನ್ ಡಾಯ್ಲ್ 1892ರಲ್ಲಿ ಬರೆದ 'ಸಿಲ್ವರ್ ಬ್ಲೇಜ್' ಕಥೆಯಲ್ಲಿ ರಾತ್ರಿ ನಾಯಿ ಬೊಗಳಲಿಲ್ಲ ಅನ್ನುವುದೇ ಸುಳಿವು. ಇದು ಬರೆಯಲು ಬಹಳ ಕಷ್ಟದ್ದು. ಇಲ್ಲದಿರುವುದನ್ನು ಓದುಗರಿಗೆ ತೋರಿಸಬೇಕಲ್ಲ!

ಈಗ ನನ್ನ ಕಥೆಗೆ ಬರುತ್ತೇನೆ. ಉತ್ತರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ವಿವರಿಸಲು ಆಗುವುದಿಲ್ಲ. ಮನೆಯ ಯಜಮಾನ ಸತ್ತಿದ್ದಾನೆ. ಕೊಂದವನು ಅವನ ತಂಗಿಯ ಮಗ, ಕೊಂದಿದ್ದು ರಾತ್ರಿ. ಆದರೆ ಅಳಿಯ ಹೇಳುವುದು ಬೇರೆ: ಬೆಳಿಗ್ಗೆ ನಾನು ಹೊರಡುವಾಗ ಮಾವ ಕಿಟಕಿ ಪಕ್ಕ ಕೂತು ಪೇಪರ್ ಓದುತ್ತಿದ್ದರು, ಬಾಗಿಲಲ್ಲೇ ನಿಂತು ಮಾತಾಡಿಸಿ ಬಂದೆ. ಆಮೇಲೆ ಇಡೀ ದಿನ ಅವನು ನಾಲ್ಕು ಜನರ ಮಧ್ಯೆ ಇದ್ದ. ಸಾವು ರಾತ್ರಿಯದು ಅಂತ ತೋರಿಸುವ ಒಂದು ಸುಳಿವು ನನಗೆ ಬೇಕಿತ್ತು. ಮೇಜಿನ ಮೇಲಿನ ದೀಪ ಉರಿಯುತ್ತಿತ್ತು ಅಂತ ಇಟ್ಟುಕೊಂಡೆ. ಪರದೆ ಸರಿಸಿದ ಕಿಟಕಿಯ ಪಕ್ಕ, ಬೆಳಗಿನ ಬಿಸಿಲಲ್ಲಿ ಪೇಪರ್ ಓದುವವನಿಗೆ ದೀಪ ಯಾಕೆ?

ಆದರೆ 'ದೀಪ ಉರಿಯುತ್ತಿತ್ತು' ಅಂತ ಬರೆದರೆ ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಹಾಗಾಗಿ ಆ ವಾಕ್ಯ ಬರೆಯಲೇ ಇಲ್ಲ. ಶವ ಮೊದಲು ನೋಡುವವಳು ತಂಗಿ. 'ಅವಳು ದೀಪ ಆರಿಸಿ, ಬಾಗಿಲು ಎಳೆದುಕೊಂಡು, ಗೋಡೆ ಹಿಡಿದುಕೊಂಡು ಹೊರಗೆ ಬಂದಳು' ಅಂತಷ್ಟೇ ಬರೆದೆ. ಮೂರು ಕೆಲಸ, ಸುಳಿವು ಮೊದಲನೆಯದರಲ್ಲೇ ಇದೆ, ಆದರೆ ಓದುಗರ ಮನಸ್ಸು ಗೋಡೆ ಹಿಡಿದ ಆ ಕೈಯ ಮೇಲೆ ನಿಲ್ಲುತ್ತದೆ. ಅದಕ್ಕೂ ಮೊದಲು ಬೇರೆ ಬೇರೆ ಅಧ್ಯಾಯಗಳಲ್ಲಿ ಅವಳು ಯಾರೂ ಇಲ್ಲದ ಕೋಣೆಯ ದೀಪ ಆರಿಸುತ್ತಾ ಓಡಾಡುವುದನ್ನು, ಮಗನಿಗೆ ಅದಕ್ಕಾಗಿ ಬೈಯುವುದನ್ನು ತೋರಿಸಿದ್ದೆ. ಅವಳ ಅಭ್ಯಾಸ ಓದುಗರಿಗೆ ಆಗಲೇ ಗೊತ್ತು. ಗೊತ್ತಿರುವುದನ್ನು ನಾವು ಪ್ರಶ್ನೆ ಮಾಡುವುದಿಲ್ಲ. ಹಳೆಯ ಪುಸ್ತಕಗಳಿಂದ ನಾನು ಕಲಿತ ಮುಖ್ಯ ಪಾಠ ಇದೇ: ಸುಳಿವನ್ನು ಬಚ್ಚಿಡಬೇಡಿ, ಅದು ಅಲ್ಲಿರಲು ಇನ್ನೊಂದು ಒಳ್ಳೆಯ ಕಾರಣ ಕೊಡಿ.

ಬಚ್ಚಿಡುವುದಕ್ಕೆ ಬಿಡುವುದೂ ಇಲ್ಲ, ನಿಯಮಗಳೇ ಇದ್ದವು. 1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿ, ಅವರೂ ಪತ್ತೇದಾರಿ ಕಥೆಗಾರರೇ, ಹತ್ತು ನಿಯಮ ಬರೆದರು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು ಅನ್ನುವುದು ಅದರಲ್ಲಿ ಒಂದು. ಅದೇ ವರ್ಷ ಬಂದ ಎಲರಿ ಕ್ವೀನ್ ಅವರ ಮೊದಲ ಕಾದಂಬರಿಯಲ್ಲಿ ಕೊನೆಗೆ ಬರುವ ಮೊದಲು ಕಥೆ ನಿಲ್ಲಿಸಿ, ಈಗ ನಿಮ್ಮ ಹತ್ತಿರ ಎಲ್ಲವೂ ಇದೆ, ನೀವೇ ಹೇಳಿ ಅಂತ ಓದುಗರಿಗೆ ಸವಾಲು ಹಾಕುವ ಪುಟವಿದೆ. ನಾನೂ ಕರಡಿನಲ್ಲಿ ಅಂಥದೊಂದು ಪುಟ ಸೇರಿಸಿಕೊಂಡೆ. ಅಲ್ಲಿ ನಿಂತು ನೋಡಿದರೆ ಏನು ಕಡಿಮೆ ಬಿದ್ದಿದೆ ಅಂತ ಗೊತ್ತಾಗುತ್ತದೆ. ಕಿಟಕಿಯ ಪರದೆ ಸರಿಸಿತ್ತು ಅನ್ನುವ ಮಾತು ಸೇರಿದ್ದು ಹಾಗೆಯೇ. ಪರದೆ ಮುಚ್ಚಿದ್ದರೆ ಹಗಲಲ್ಲೂ ದೀಪ ಬೇಕಾಗುತ್ತದೆ, ಅಲ್ವಾ? ಕೆಲಸ ಮುಗಿದ ಮೇಲೆ ಆ ಪುಟ ತೆಗೆದೆ.

ವೈದ್ಯರ ವಿಷಯದಲ್ಲಿ ಮಾತ್ರ ಹಳೆಯ ದಾರಿ ಹಿಡಿಯಲಿಲ್ಲ. ಎಷ್ಟೋ ಹಳೆಯ ಕಾದಂಬರಿಗಳಲ್ಲಿ ಡಾಕ್ಟರು ಶವ ಮುಟ್ಟಿ ನೋಡಿ, ಸಾವು ಹತ್ತರಿಂದ ಹತ್ತೂವರೆಯ ಒಳಗೆ ಅಂದುಬಿಡುತ್ತಾರೆ. ನಿಜದಲ್ಲಿ ಅಷ್ಟು ಖಚಿತವಾಗಿ ಹೇಳಲು ಆಗದು. ಸತ್ತ ಸುಮಾರು ಎರಡು ಗಂಟೆಯ ಮೇಲೆ ದೇಹ ಸೆಟೆಯಲು ಶುರುವಾಗಿ, ಹನ್ನೆರಡು ಗಂಟೆಯ ಹೊತ್ತಿಗೆ ಪೂರ್ತಿ ಸೆಟೆದಿರುತ್ತದೆ. ಚಳಿ ಇದ್ದರೆ ನಿಧಾನ, ಸೆಕೆ ಇದ್ದರೆ ಬೇಗ. ನನ್ನ ಡಾಕ್ಟರು ಮಳೆಯಲ್ಲಿ ಸಿಕ್ಕಿಕೊಂಡು ರಾತ್ರಿ ಬರುತ್ತಾರೆ. ಅಷ್ಟು ಹೊತ್ತಿಗೆ ಸಾವು ಹಿಂದಿನ ರಾತ್ರಿಯದಾಗಿರಬಹುದು, ಬೆಳಗಿನದೂ ಆಗಿರಬಹುದು. ಆ ಮಳೆಯೇ ಮನೆಯವರನ್ನೆಲ್ಲ ಒಳಗೆ ಕೂಡಿಹಾಕುತ್ತದೆ.

ಕೂಡಿಹಾಕುವುದು ಈ ಪ್ರಕಾರದ ಹಳೆಯ ಅಭ್ಯಾಸ. ಕ್ರಿಸ್ಟಿ 1934ರಲ್ಲಿ ಹಿಮದಲ್ಲಿ ಸಿಕ್ಕಿಕೊಂಡ ರೈಲನ್ನು ತೆಗೆದುಕೊಂಡರು, 1939ರಲ್ಲಿ ಒಂದು ದ್ವೀಪವನ್ನು. ಶಂಕಿತರ ಸಂಖ್ಯೆ ಕಡಿಮೆ ಇರಲಿ ಅನ್ನುವ ಅನುಕೂಲ ಇದ್ದೇ ಇದೆ. ಆದರೆ ಹೊರಗಿನ ಕಳ್ಳನ ಮೇಲೆ ಹಾಕಿ ಸುಮ್ನೆ ಕೂರುವ ದಾರಿ ಮುಚ್ಚಿಹೋಗುತ್ತದಲ್ಲ, ಅದು ನನಗೆ ಮುಖ್ಯ. ಕೊಂದವರು ನಮ್ಮ ಜೊತೆಗೇ ಊಟಕ್ಕೆ ಕೂತಿದ್ದಾರೆ. ಆಗ ಪ್ರತಿಯೊಬ್ಬರೂ ತಮ್ಮ ತಮ್ಮ ಗುಟ್ಟು ಕಾಪಾಡಿಕೊಳ್ಳಲು ಸುಳ್ಳು ಹೇಳಲು ಶುರು ಮಾಡುತ್ತಾರೆ. ನನ್ನ ನೀಲಿ ಗೆರೆಗಳಲ್ಲಿ ಹೆಚ್ಚಿನವು ಬಿದ್ದಿದ್ದು ಕೊಲೆ ಮಾಡದವರ ಮಾತಿನ ಕೆಳಗೇ! ಒಬ್ಬರು ಸಾಲ ಮುಚ್ಚಿಡುತ್ತಾರೆ, ಇನ್ನೊಬ್ಬರು ಪ್ರೀತಿ ಮುಚ್ಚಿಡುತ್ತಾರೆ. ಅದಕ್ಕೇ ನಾನು ಕಥೆ ಬರೆಯುವ ಮೊದಲು ಒಂದು ಕೋಷ್ಟಕ ಮಾಡಿದೆ. ಆ ರಾತ್ರಿ ಪ್ರತಿ ಗಂಟೆಗೆ ಯಾರು ನಿಜವಾಗಿ ಎಲ್ಲಿದ್ದರು, ಎಲ್ಲಿದ್ದೆ ಅಂತ ಹೇಳುತ್ತಾರೆ, ಯಾಕೆ ಹಾಗೆ ಹೇಳುತ್ತಾರೆ. ಮೂರನೆಯ ಕಾಲಮ್ಮಿನಿಂದಲೇ ನನ್ನ ಪಾತ್ರಗಳು ಹುಟ್ಟಿದವು.

ಆಂಥೊನಿ ಬರ್ಕ್ಲಿಯವರ 1929ರ 'ದಿ ಪಾಯ್ಸನ್ಡ್ ಚಾಕೊಲೇಟ್ಸ್ ಕೇಸ್' ಕಾದಂಬರಿಯಲ್ಲಿ ಒಂದೇ ಕೊಲೆಗೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾ ಹೋಗುತ್ತಾರೆ. ಪ್ರತಿಯೊಂದೂ ಸರಿ ಅನಿಸುತ್ತದೆ. ಅದನ್ನು ಓದಿ ಕೆಳಗಿಟ್ಟ ಮೇಲೆ ನನ್ನ ಶಂಕಿತರಲ್ಲಿ ಒಬ್ಬೊಬ್ಬರನ್ನೂ ಕೊಲೆಗಾರ ಅಂತ ಇಟ್ಟುಕೊಂಡು, ಪತ್ತೇದಾರ ಅವರ ಮೇಲೆ ಆರೋಪ ಹೊರಿಸುವ ಪುಟ ಬರೆದೆ. ನಂಬುವ ಹಾಗೆ ಬರೆದೆ. ಆಮೇಲೆ ಆ ಆರೋಪವನ್ನು ಉರುಳಿಸುವ ಒಂದು ಸಂಗತಿ ಕಥೆಯಲ್ಲಿ ಇದೆಯಾ ಅಂತ ನೋಡಿದೆ. ಇಲ್ಲದಿದ್ದಲ್ಲಿ ಸೇರಿಸಿದೆ. ಕಾದಂಬರಿಯಲ್ಲಿ ಆ ಪುಟಗಳು ಇಲ್ಲ, ಆದರೆ ಇಡೀ ಪುಸ್ತಕ ನಿಂತಿರುವುದು ಅವುಗಳ ಮೇಲೆ.

ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ ವಿವರಿಸುವ ದೃಶ್ಯ ನನಗೆ ತುಂಬಾ ಇಷ್ಟ. ಆದರೂ ನನ್ನ ಪತ್ತೇದಾರ ಒಬ್ಬಳಿಗೆ ಮಾತ್ರ ಹೇಳುತ್ತಾನೆ, ಆ ತಂಗಿಗೆ. ಮಗನನ್ನು ಹಿಡಿದುಕೊಡುವ ಸಾಕ್ಷಿ ತನ್ನ ಕೈಯಲ್ಲೇ ಇತ್ತು, ತಾನೇ ಅದನ್ನು ಆರಿಸಿ ಬಂದೆ ಅಂತ ಅವಳಿಗೆ ಗೊತ್ತಾಗುವ ಜಾಗ ಅದು. ಅಲ್ಲಿ ಬೇರೆ ಯಾರೂ ಇರಬಾರದು ಅನಿಸಿತು.

ಕರಡನ್ನು ಕೆಲವು ಗೆಳೆಯರಿಗೆ ಕೊನೆಯ ಅಧ್ಯಾಯ ಇಲ್ಲದೆ ಕೊಟ್ಟೆ. ಯಾರ ಮೇಲೆ ಅನುಮಾನ, ಯಾಕೆ ಅಂತ ಬರೆದು ಕೊಡಿ ಅಂದೆ. ಉಳಿದ ಅಧ್ಯಾಯ ಕೊಟ್ಟ ಮೇಲೆ ಹೆಚ್ಚಿನವರು ದೀಪದ ವಾಕ್ಯ ಹುಡುಕಿಕೊಂಡು ಹಿಂದಕ್ಕೆ ಹೋದರು. ನಾನು ನೋಡಬೇಕಿದ್ದದ್ದೂ ಅದೇ. ಒಬ್ಬ ಗೆಳತಿ ಮಾತ್ರ ಸರಿಯಾದ ಹೆಸರು ಮೊದಲೇ ಬರೆದಿದ್ದಳು, ಅದೂ ದೀಪದಿಂದ ಅಲ್ಲ. ಮಾವ ಬೆಳಿಗ್ಗೆ ಏನು ಮಾಡುತ್ತಿದ್ದರು ಅಂತ ಯಾರೂ ಕೇಳುವ ಮೊದಲೇ ಅಳಿಯ ಜಾಸ್ತಿ ವಿವರ ಕೊಟ್ಟ, ಅದಕ್ಕೆ ಅವನೇ ಅಂತ ಅವಳ ವಾದ. ಆ ಮಾತುಗಳನ್ನು ಕಡಿಮೆ ಮಾಡಬಹುದಿತ್ತು. ಮಾಡಲಿಲ್ಲ, ಅವಳು ಹಿಡಿದದ್ದೂ ನ್ಯಾಯವಾದ ಸುಳಿವೇ.